ಅಟ್ಲಾಂಟಾದಲ್ಲಿ ಓದುತ್ತಿದ್ದ ನನ್ನ ಮಗಳು

ನಮ್ಮ ಕಡೆ ಒಂದು ಅಭ್ಯಾಸ. ಕೆಲಸ ಕೈಗೂಡೋವರೆಗೂ ಬಾಯಿ ಬಿಡಬಾರದು. ಅಮೆರಿಕಕ್ಕೆ ಬಂದು ಈ ಏಪೆಕ್ಸ್ ಊರಲ್ಲಿ ಮನೆ ತಗೊಂಡಾಗ ಬೀಗದ ಕೈ ಸಿಗೋತನಕ ಸ್ವಂತ ಅಕ್ಕನಿಗೂ ಹೇಳಿರಲಿಲ್ಲ. ಗ್ರೀನ್ ಕಾರ್ಡ್ ಬಂದಾಗಲೂ ಅಷ್ಟೇ. ಕಣ್ಣು ಬೀಳತ್ತೆ ಸ್ವಾಮಿ, ನಗಬೇಡಿ. ಮಗಳು ಕಾಲೇಜು ಮುಗಿಸಿ "ಅಮ್ಮ, ನಾನು ಪೊಲೀಸ್ ಆಗ್ತೀನಿ" ಅಂದಾಗ ಎದೆ ಧಸಕ್ ಅಂತು. ಆದರೂ ನಾನು ಮೊದಲು ಮಾಡಿದ ಕೆಲಸ ಅಂದರೆ ಅದನ್ನ ಬಚ್ಚಿಟ್ಟಿದ್ದು.

ಪರೀಕ್ಷೆಗೆ ತಯಾರಾಗೋಕೆ ಅವಳು ಷಾರ್ಲೆಟ್‌ನಲ್ಲಿ ಗೆಳತಿ ಜೊತೆ ಇದ್ದಳು. ಬೀದಿಯಲ್ಲಿ ಯಾರು ಕೇಳಿದರೂ "ಅಟ್ಲಾಂಟಾದಲ್ಲಿ ಫಾರ್ಮಸಿ ಓದ್ತಿದಾಳೆ" ಅಂತಿದ್ದೆ. ಅಷ್ಟು ಹೇಳಿ ಸುಮ್ಮನಿರೋ ಜಾಯಮಾನವಾ ನಂದು? ಅಲ್ಲಿನ ಊಟ ಸೇರಲ್ಲ, ಬಿಳಿ ಕೋಟು ಎಷ್ಟು ಒಪ್ಪತ್ತೆ ಗೊತ್ತಾ, ಅಂತೆಲ್ಲಾ ಸೇರಿಸ್ತಿದ್ದೆ.

ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಪೊಲೀಸ್ ಆಗೋಕೆ ಪರೀಕ್ಷೆ, ಓಟ, ಡಾಕ್ಟರ ಸಹಿ ಸಾಲದಂತೆ. ಸ್ಟೇಟ್‌ನವರು ಸರ್ಟಿಫಿಕೇಶನ್ ಕೊಡೋ ಮುಂಚೆ ಹುಡುಗಿ ನಡತೆ ಎಂಥದ್ದು ಅಂತ ಅಕ್ಕಪಕ್ಕದವರನ್ನೆಲ್ಲ ವಿಚಾರಿಸ್ತಾರೆ. ಸುಳ್ಳು ಹೇಳೋ ಗುಣ ಕಂಡರೆ ಅಲ್ಲಿಗೆ ಮುಗೀತು.

ಒಂದು ಮಧ್ಯಾಹ್ನ ಎದುರುಗಡೆ ಬೂದು ಬಣ್ಣದ ಕಾರು ಬಂದು ನಿಂತಿತು. ವಯಸ್ಸಾದ ಒಬ್ಬ ಮನುಷ್ಯ ಇಳಿದು ಒಂದೊಂದೇ ಮನೆ ಬೆಲ್ ಒತ್ತುತ್ತಾ ಹೋದ. ನಾನು ಕಿಟಕಿಯಲ್ಲೇ ನಿಂತಿದ್ದೆ. ಪ್ರತಿ ಬಾಗಿಲಲ್ಲೂ ಸ್ವಲ್ಪ ಹೊತ್ತು ಮಾತು, ಆಮೇಲೆ ಇಬ್ಬರೂ ತಿರುಗಿ ನಮ್ಮ ಮಹಡಿ ಕಡೆ ನೋಡೋರು. ಕೊನೆಗೆ ನಮ್ಮ ಬೆಲ್ಲೂ ಆಯಿತು.

ಮಗಳ ಅರ್ಜಿ ವಿಚಾರಿಸೋ ಅಧಿಕಾರಿ ಅಂತ ಹೇಳಿಕೊಂಡು ಒಳಗೆ ಬಂದು ಕೂತರು. ಕಾಫಿ ಬೇಡ ಅಂದರು.

"ನಿಮಗೆ ಎಷ್ಟು ಜನ ಮಕ್ಕಳು?"

"ಒಬ್ಬಳೇ."

"ಹಾಗಾದರೆ ಇವರೆಲ್ಲ ನೋಡಿರೋ ಹುಡುಗಿ ಯಾರು?"

ಮೂಲೆಮನೆ ಮಂಗಳೂರು ಆಂಟಿ ಹೇಳಿದರಂತೆ, ಹೋದ ವಾರ ಬಿಳಿ ಕೋಟು ಹಾಕ್ಕೊಂಡು ಬಂದು ತಮ್ಮ ಬಿಪಿ ಮಾತ್ರೆ ಎಲ್ಲಾ ವಿವರಿಸಿ ಹೋದಳು ಅಂತ. ಎದುರುಮನೆಯವರು ಅವಳು ಮಹಡಿ ಕಿಟಕಿಯಲ್ಲಿ ಕೂತು ಓದೋದನ್ನ ನೋಡಿದ್ದಾರಂತೆ. ನನಗೆ ನಗು ಬಂತು. "ನಮ್ಮ ಜನ ಸಾರ್, ಹುಡುಗಿಗೆ ಒಳ್ಳೇದಾಗಲಿ ಅಂತ ಒಂದಕ್ಕೆರಡು ಸೇರಿಸಿ ಹೇಳ್ತಾರೆ" ಅಂದೆ.

ಅವರು ನಗಲಿಲ್ಲ. "ಇಬ್ಬರೂ ಕೋಟಿನ ಜೇಬಲ್ಲಿ ಹಸಿರು ಪೆನ್ನು ಇತ್ತು ಅಂದರು."

ಬಿಳಿ ಕೋಟಿನ ಜೊತೆ ಆ ಪೆನ್ನನ್ನೂ ಮನಸ್ಸಲ್ಲೇ ಕಲ್ಪಿಸಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಮಗಳು ಮನೆಗೆ ಬಂದು ತಿಂಗಳುಗಳೇ ಆಗಿದ್ದವು.

"ನಿಮ್ಮ ಮಗಳು ಊರಿಗೆಲ್ಲ ಸುಳ್ಳು ಹೇಳಿಕೊಂಡು ಓಡಾಡ್ತಿದ್ರೆ ಸ್ಟೇಟ್ ಅವಳನ್ನ ತಗೊಳಲ್ಲ," ಅಂದರು. "ಇವತ್ತಲ್ಲ, ಯಾವತ್ತೂ."

ನನಗೆ ರೇಗಿತು. "ಸುಳ್ಳು ಹೇಳಿದ್ದು ನಾನು ಕಣ್ರೀ! ಅವಳಲ್ಲ. ಬರ್ಕೊಳ್ಳಿ!" ಅಂತ ಕಣ್ಣು ಬೀಳೋ ಕಥೆಯೆಲ್ಲ ಒದರಿದೆ. ನಾನು ಮಾಡಿದ್ದು ತಪ್ಪು ಅಂತ ಇವತ್ತಿಗೂ ಒಪ್ಪಲ್ಲ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಸರಿ. ಆ ಹುಡುಗಿ ಬೇಡ. ಅರ್ಜಿ ಹಾಕಿದವಳ ಬಗ್ಗೆ ಹೇಳಿ."

"ತುಂಬಾ ಸಹನೆ ಅವಳಿಗೆ. ವಯಸ್ಸಾದವರ ಪಕ್ಕ ಕೂತು ಯಾವ ಮಾತ್ರೆ ಯಾವಾಗ ಅಂತ..."

ಅವರು ಬರೆಯೋದು ನಿಲ್ಲಿಸಿದರು. ನಾನು ಹೇಳ್ತಿದ್ದದ್ದು ಆ ಬಿಳಿ ಕೋಟಿನ ಹುಡುಗಿ ಬಗ್ಗೆ ಅಂತ ನನಗೂ ಆಗಲೇ ಹೊಳೆದದ್ದು.

"ಪೊಲೀಸ್ ಯಾಕೆ ಆಗಬೇಕಂತೆ?" ಅಂದರು.

ನನಗೆ ಗೊತ್ತಿರಲಿಲ್ಲ. ಬಚ್ಚಿಡೋ ಗಡಿಬಿಡಿಯಲ್ಲಿ ಅದನ್ನೇ ಕೇಳಿರಲಿಲ್ಲ. ಆಗಲೇ ಮೇಲಿನ ರೂಮಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಅವರೂ ತಲೆ ಎತ್ತಿ ನೋಡಿದರು. ಪುಸ್ತಕ ಮುಚ್ಚಿ ಎದ್ದು ನಿಂತರು. ಅವರು ಹೋದ ಮೇಲೆ ಮಹಡಿ ಹತ್ತೋಕೆ ನನಗೆ ಧೈರ್ಯ ಬರಲಿಲ್ಲ.

ಗಂಡ ಆಫೀಸಿಂದ ಬರೋತನಕ ಮನೆ ಹಿಂದಿನ ಮರದ ಡೆಕ್ ಮೇಲೇ ಕೂತಿದ್ದೆ, ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ. "ಯಾಕೆ ಪುಟ್ಟ, ಪೊಲೀಸೇ ಯಾಕೆ?" ಅಂದೆ.

"ಫೈನಲಿ ಕೇಳಿದ್ಯಲ್ಲ ಅಮ್ಮ. ನಮ್ಮನೇಲಿ ಎಲ್ಲಾ ಸೀಕ್ರೆಟ್. ಯಾರ್ ಹತ್ರ ಏನ್ ಹೇಳ್ಬೇಕು, ಐ ವಾಸ್ ಆಲ್ವೇಸ್ ಸ್ಕೇರ್ಡ್. ನಿಜ ಹೇಳಿದ್ರೆ ಮಾತ್ರ ಇರೋಕಾಗೋ ಜಾಬ್ ಬೇಕಿತ್ತು ನಂಗೆ."

ಅವಳಿಗೆ ಕೇಳೋ ಹಾಗೇ ಅತ್ತುಬಿಟ್ಟೆ.

ಸರ್ಟಿಫಿಕೇಶನ್ ಸಿಕ್ಕಿತು. ಆ ಅಧಿಕಾರಿ ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ದರಂತೆ. ಪ್ರಮಾಣ ವಚನದ ದಿನ ಬ್ಯಾಡ್ಜ್ ಚುಚ್ಚೋಕೆ ಮನೆಯವರನ್ನ ಕರೀತಾರೆ. ವೇದಿಕೆ ಹತ್ತಿದೆ. ಕಪ್ಪು ಯೂನಿಫಾರ್ಮು, ಬಿಗಿದು ಕಟ್ಟಿದ ಕೂದಲು, ನೇರ ನೋಟ. ನಾನು ಮೊದಲನೇ ಸಲ ನೋಡ್ತಿರೋ ಹಾಗಿದ್ದ ಮುಖ. ಬ್ಯಾಡ್ಜ್ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಜನ ಕಾಯ್ತಿದ್ದರು.

ಅವಳು ತುಟಿ ಅಲುಗದ ಹಾಗೆ ಮೆಲ್ಲಗೆ ಅಂದಳು. "ಅಮ್ಮ, ಇದು ನಾನು."