ಕೊನೆಯ ಪುಟಕ್ಕೆ ಅಂಟಿದ ಅರಿಶಿನ

ನನ್ನ ಕಾದಂಬರಿ ಅಚ್ಚಾದದ್ದು ಸುಲ್ತಾನ್‌ಪೇಟೆಯ ಒಂದು ಮದುವೆ ಕಾರ್ಡಿನ ಪ್ರೆಸ್ಸಿನಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದ ಎಡವಟ್ಟಿಗೆಲ್ಲ ಅದೇ ಮೂಲ.

ಚಾಮರಾಜಪೇಟೆಯ ವಕೀಲರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಕೊಲೆ ಮಾಡುವುದು ಹೇಗೆಂದು ತಿಳಿಯದಿದ್ದರೂ ಸಿಕ್ಕಿಬೀಳುವುದು ಹೇಗೆಂದು ಚೆನ್ನಾಗಿ ತಿಳಿದಿತ್ತು. ಆ ಧೈರ್ಯದ ಮೇಲೆ ಒಂದು ಕೋರ್ಟು ಕಾದಂಬರಿ ಬರೆದೆ. ಬಸವನಗುಡಿಯ ಮನೆ ಮಾಲೀಕನೊಬ್ಬನ ಕೊಲೆ, ಆಪಾದನೆ ಹೊತ್ತ ಸೊಸೆ, ಅವಳ ಪರ ನಿಂತ ಹೊಸ ವಕೀಲೆ. ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ತೆರೆಯದೆಯೇ ಹಿಂದಕ್ಕೆ ತಳ್ಳಿ, "ಕೋರ್ಟು ಕಚೇರಿ ಎಲ್ಲ ಯಾರು ಓದ್ತಾರೆ ಮೇಡಂ? ಅಡುಗೆ ಪುಸ್ತಕ ಇದ್ರೆ ಕೊಡಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪುಸ್ತಕ ನಾನೇ ತರುತ್ತೇನೆ ಎಂದು ಅಲ್ಲಿಂದ ಎದ್ದು ಬಂದೆ.

ನಮ್ಮ ಮನೆಯವರೆಲ್ಲರ ಮದುವೆ ಕಾರ್ಡು ಅಚ್ಚಾಗಿದ್ದು ಆ ಸುಲ್ತಾನ್‌ಪೇಟೆ ಪ್ರೆಸ್ಸಿನಲ್ಲೇ. ಪರಿಚಯದವರನ್ನು ಬಿಟ್ಟು ಬೇರೆ ಯಾರ ಹತ್ತಿರ ಹೋಗಲಿ? ಮಾಲೀಕರು ನನ್ನ ಕಂತೆಯನ್ನು ಕೈಯಲ್ಲಿ ತೂಗಿ ನೋಡಿ, "ಕಾರ್ಡಿಗೆ ಹಾಳೆ ಕಮ್ಮಿ, ಇದಕ್ಕೆ ಜಾಸ್ತಿ. ಅಷ್ಟೇ ಅಲ್ವಾ ಅಮ್ಮಾ?" ಎಂದರು. ಹೇಳಿದ ದಿನಕ್ಕೆ ಸರಿಯಾಗಿ ಪುಸ್ತಕಗಳು ಆಟೋದಲ್ಲಿ ಮನೆ ಬಾಗಿಲಿಗೆ ಬಂದವು. ಕಟ್ಟು ಬಿಚ್ಚಿದರೆ ಘಮ್ಮೆಂದು ಅರಿಶಿನದ ವಾಸನೆ. ಒಂದೊಂದು ಪ್ರತಿಯ ಮುಖಪುಟದ ನಾಲ್ಕು ಮೂಲೆಗೂ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಮುಖಪುಟದಲ್ಲಿ ಬೇಡಿ ತೊಟ್ಟ ಕೈಗಳ ಚಿತ್ರವಿತ್ತು. ಆ ಬೇಡಿಯ ಸುತ್ತ ಮದುವೆಯ ಕಳೆ ತುಂಬಿಕೊಂಡಿತ್ತು.

ಒರೆಸಲು ನೋಡಿದೆ, ಹೋಗಲಿಲ್ಲ. ಕಾರ್ಡಿನ ಅರಿಶಿನ ಉದುರಬಾರದೆಂದು ಅದಕ್ಕೆ ಗೋಂದು ಕಲಸುವುದು ಅವರ ಪದ್ಧತಿಯಂತೆ. ಇರಲಿ ಬಿಡು ಎಂದುಕೊಂಡು ಹಂಚಲು ಶುರು ಮಾಡಿದೆ.

ಓದುಗರ ಅಭಿಪ್ರಾಯ ಎಂದರೆ ಏನೆಂದು ಆಗ ಗೊತ್ತಾಯಿತು. ಪಾರ್ಕಿನಲ್ಲಿ ಜೊತೆಗೆ ನಡೆಯುವವರೊಬ್ಬರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, "ಫಂಕ್ಷನ್ ಯಾವತ್ತು?" ಎಂದು ಕೇಳಿದರು. ಎದುರು ಮನೆಯಾಕೆ ಎರಡೇ ದಿನಕ್ಕೆ ಓದಿ ಮುಗಿಸಿ ಬಂದು, "ಸತ್ತ ಆ ಮಾಲೀಕ ಥೇಟ್ ನಮ್ಮ ಮೈದುನನೇ ಕಣ್ರೀ. ಇನ್ನೊಂದು ಕಾಪಿ ಕೊಡಿ, ಅವನಿಗೇ ಕೊಡ್ತೀನಿ" ಎಂದರು. ನಮ್ಮ ಆಫೀಸಿನಲ್ಲಿ ಜೂನಿಯರ್ ಆಗಿದ್ದ ವಕೀಲರು ಫೋನ್ ಮಾಡಿ, "ಎಲ್ಲಾ ಸರಿ ಮೇಡಂ, ಆದ್ರೆ ನಿಮ್ ಕೇಸಲ್ಲಿ ಒಂದು ಸಲಾನೂ ವಾಯಿದೆ ಬೀಳಲ್ವಲ್ಲ. ಅದೊಂದು ಮಾತ್ರ ನಂಬಕ್ಕಾಗ್ಲಿಲ್ಲ" ಎಂದು ನಕ್ಕರು. ನಾನೂ ನಕ್ಕೆ. ಯಾರು ಏನೆಂದರೂ ಖುಷಿಯೇ, ಯಾಕೆಂದರೆ ಅವರು ಓದಿದ್ದರು.

ಆದರೆ ನನಗೆ ನಿಜವಾಗಿ ಬೇಕಿದ್ದದ್ದು ಒಬ್ಬಳ ಮಾತು. ನನ್ನ ಅಕ್ಕನದು.

ನಾವಿಬ್ಬರೂ ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಬಾಡಿಗೆ ಲೈಬ್ರರಿಯಿಂದ ಒಂದು ಪತ್ತೇದಾರಿ ಪುಸ್ತಕ ತಂದರೆ ಇಬ್ಬರಿಗೂ ಅದೇ. ದೊಡ್ಡವಳೆಂದು ಮೊದಲು ಅವಳ ಕೈಗೆ. ಅವಳು ಮಾಡುತ್ತಿದ್ದ ಮೊದಲ ಕೆಲಸವೇ ಕೊನೆಯ ಪುಟ ಓದುವುದು. ಕೊಲೆಗಾರ ಯಾರೆಂದು ತಿಳಿಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಆಮೇಲೆ ಮೊದಲಿನಿಂದ ಓದುತ್ತಾ ನನ್ನ ಕಡೆ ನೋಡಿ ತುಟಿಯಂಚಿನಲ್ಲಿ ನಗುವಳು. ನಾನು ಜಡೆ ಹಿಡಿದು ಎಳೆಯುತ್ತಿದ್ದೆ. ನಾನು ಈ ಕಾದಂಬರಿ ಬರೆಯುವಾಗ, ಸತ್ಯವಾಗಿ ಹೇಳುತ್ತೇನೆ, ಕೊನೆಯ ಪುಟವನ್ನು ಅವಳಿಗಾಗಿಯೇ ಬರೆದೆ. ಮೊದಲು ಅದನ್ನೇ ಓದಿದರೂ ಉಳಿದದ್ದು ಓದದೆ ಬಿಡಲಾಗಬಾರದು, ಹಾಗೆ ಬರೆದೆ. ಜಡ್ಜ್ ಕೇಳುತ್ತಾರೆ, "ಹಾಗಾದರೆ ಆ ದಿನ ಬೆಳಗ್ಗೆ ಗೇಟಿನಿಂದ ಹಾಲಿನ ಪ್ಯಾಕೆಟ್ ಒಳಗೆ ತಂದವರು ಯಾರು?" ಅದಕ್ಕೆ ಉತ್ತರ ಹಾಳೆ ಮಗುಚಿದರೆ, ಕೊನೆಯ ಪುಟದಲ್ಲಿದೆ.

ಅಕ್ಕ ಈಗ ಇರುವುದು ಗವಿಪುರದಲ್ಲಿ, ಮಗ, ಸೊಸೆ, ಮೊಮ್ಮಗಳ ಜೊತೆ. ಮೊದಲ ಪ್ರತಿಯನ್ನು ಅವಳಿಗೇ ಕೊಟ್ಟು ಬಂದಿದ್ದೆ. ವಾರ ಕಳೆದು ಫೋನ್ ಮಾಡಿದರೆ, "ಓದ್ದೆ ಕಣೆ. ಚೆನ್ನಾಗಿದೆ" ಎಂದು, ಹೆಸರುಬೇಳೆಯ ರೇಟಿನ ವಿಷಯಕ್ಕೆ ಹೋದಳು. ಅಷ್ಟೇ. ಕಂಡ ಕಂಡ ಪುಸ್ತಕದ ಬಗ್ಗೆ ಗಂಟೆಗಟ್ಟಲೆ ಜಗಳವಾಡಿದವಳು ನನ್ನದರ ಬಗ್ಗೆ ಎರಡು ಮಾತು ಆಡಿ ಮುಗಿಸಿದ್ದಳು. ಇಷ್ಟವಾಗಿಲ್ಲ, ಹೇಳಲು ಸಂಕೋಚ ಎಂದುಕೊಂಡೆ. ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಅವಳಿಗೆ ಫೋನ್ ಮಾಡುವುದನ್ನೇ ಬಿಟ್ಟೆ.

ಅಷ್ಟರಲ್ಲಿ ಮಲ್ಲೇಶ್ವರದ ಗೆಳತಿಯೊಬ್ಬಳು ತನ್ನ ಮನೆಯ ನಡುಮನೆಯಲ್ಲಿ ಓದುಗರನ್ನು ಸೇರಿಸಿ ನನ್ನನ್ನು ಕರೆದಳು. ನಿವೃತ್ತ ಕನ್ನಡ ಉಪನ್ಯಾಸಕರೊಬ್ಬರು ಎದ್ದು ನಿಂತು, ಕೊಲೆಗಾರ ಯಾರೆಂದು ಹೇಳದೆ, ಜಡ್ಜಿನ ಪ್ರಶ್ನೆಯಲ್ಲೇ ಕಾದಂಬರಿಯನ್ನು ನಿಲ್ಲಿಸಿದ ಲೇಖಕಿಯ ಸಂಯಮವನ್ನು ಬಾಯಿತುಂಬ ಹೊಗಳಿದರು. "ಉತ್ತರ ನಮ್ಮೊಳಗೇ ಇದೆ ಅಂತ ಬಿಟ್ಟಿದ್ದೀರಿ. ಎಂಥ ಎದೆಗಾರಿಕೆ!" ಸುತ್ತಲಿದ್ದವರೆಲ್ಲ ತಲೆದೂಗಿದರು. ನಾನು ಉತ್ತರ ಬರೆದಿದ್ದೆನಲ್ಲ! ಅವರ ಕೈಯಿಂದ ಪುಸ್ತಕ ತೆಗೆದುಕೊಂಡು ನೋಡಿದೆ. ಕೊನೆಯ ಹಾಳೆಯ ಮೂಲೆಗಳು ಹಿಂಬದಿಯ ರಟ್ಟಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದವು. ಅಂಚಿನಲ್ಲಿ ಹಳದಿ ಗೆರೆ. ಗೆಳತಿಯ ಹತ್ತಿರ ಸ್ಟೀಲ್ ಸ್ಕೇಲು ಕೇಳಿ ತರಿಸಿ, ತೂರಿಸಿ ಬಿಡಿಸಿದೆ. ಕೊಲೆಗಾರ ಹೊರಗೆ ಬಂದ. ಉಪನ್ಯಾಸಕರು ಕನ್ನಡಕ ಏರಿಸಿ ಆ ಪುಟವನ್ನು ಓದಿ, ನಿಧಾನವಾಗಿ ಪುಸ್ತಕ ಮುಚ್ಚಿದರು.

"ಇದು ಬೇಡವಾಗಿತ್ತು ಕಣಮ್ಮ," ಎಂದರು.

ಪ್ರೆಸ್ಸಿಗೆ ಫೋನ್ ಮಾಡಿ ಕೂಗಾಡಬೇಕೆಂದಿದ್ದೆ. ಮಾಲೀಕರು ಬಹಳ ಸಂತೋಷದಿಂದ, "ಶುರುನೂ ಕೊನೆನೂ ಎರಡೂ ಶುಭವಾಗಿರ್ಲಿ ಅಂತ ನಮ್ಮಮ್ಮನೇ ಕೂತು ಒಂದೊಂದಕ್ಕೂ ಹಚ್ಚಿದ್ರು. ನಿಮ್ ಮದುವೆ ಕಾರ್ಡಿಗೂ ಅವರೇ ಹಚ್ಚಿದ್ದು" ಎಂದರು. ಆ ಅಜ್ಜಿಯನ್ನು ನೆನೆದು ಕೂಗಾಟ ಬಿಟ್ಟೆ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ.

ಪುಸ್ತಕ ಕೊಟ್ಟವರಿಗೆಲ್ಲ ಫೋನ್ ಮಾಡಿ ಸ್ಕೇಲಿನ ಉಪಾಯ ಹೇಳತೊಡಗಿದೆ. ಅರ್ಧಕ್ಕರ್ಧ ಜನ ಕೊನೆಯ ಪುಟ ಇದೆಯೆಂದೇ ಅರಿಯದೆ ಮೆಚ್ಚಿದ್ದರು. ಕೆಲವರು ಹರಿದುಕೊಂಡು ಓದಿದ್ದರು. ಅಕ್ಕನಿಗೆ ಮಾತ್ರ ಫೋನ್ ಮಾಡಲಿಲ್ಲ. ಅವಳಿಗೆ ಅದರ ಅಗತ್ಯವೇ ಇಲ್ಲ. ಪುಸ್ತಕ ಕೈಗೆ ಬಂದ ಗಳಿಗೆಯಲ್ಲೇ ಕೊನೆಯ ಹಾಳೆ ಕಿತ್ತು ಬಿಡಿಸಿರುತ್ತಾಳೆ.

ಸಿಟ್ಟು ಎಷ್ಟು ದಿನ ಇರುತ್ತದೆ? ಒಂದು ಸೋಮವಾರ ಬೆಳಗ್ಗೆ ಗವಿ ಗಂಗಾಧರೇಶ್ವರನಿಗೆ ಕೈಮುಗಿದು ಅಲ್ಲಿಂದ ಅಕ್ಕನ ಮನೆಗೆ ನಡೆದೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೋಗಿದ್ದರು. ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ದೇವರ ಮನೆಯಲ್ಲಿ, ದೀಪದ ಪಕ್ಕ, ನನ್ನ ಪುಸ್ತಕವಿತ್ತು. ಮೇಲೊಂದು ಕನಕಾಂಬರದ ತುಂಡು. ತೆಗೆದು ಹಿಂದಿನ ರಟ್ಟು ಎತ್ತಿದೆ. ಕೊನೆಯ ಹಾಳೆಯೂ ಜೊತೆಗೇ ಎದ್ದಿತು. ನಾಲ್ಕು ಮೂಲೆಯೂ ಅಂಟಿಕೊಂಡೇ ಇದ್ದವು.

ಅಕ್ಕ ಕೊನೆಯ ಪುಟ ಬಿಡಿಸಿಲ್ಲವೆಂದರೆ ಪುಸ್ತಕವನ್ನೇ ತೆರೆದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಓದಿಲ್ಲ ಅಂತ ಹೇಳಿದ್ರೆ ನಾನೇನು ನಿನ್ನ ತಿಂದ್ಬಿಡ್ತಿದ್ನಾ?" ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿದೆ. "ಊರವರೆಲ್ಲ ಓದಿದ್ರು. ಒಡಹುಟ್ಟಿದವಳಿಗೆ ಪುರುಸೊತ್ತಿಲ್ಲ!"

ಅಕ್ಕ ತಿರುಗಲಿಲ್ಲ. ಲೋಟಕ್ಕೆ ಡಿಕಾಕ್ಷನ್ ಬಗ್ಗಿಸುತ್ತಿದ್ದಳು. ಲೋಟದ ಅಂಚಿಗೆ ಬೆರಳು ಇಟ್ಟು, ಬಿಸಿ ಬೆರಳಿಗೆ ತಾಗಿದಾಗ ನಿಲ್ಲಿಸಿದಳು.

"ಓದಕ್ಕಾಗಲ್ಲ ಕಣೆ," ಎಂದಳು. "ಅಕ್ಷರದ ಮೇಲೆ ಕಣ್ಣಿಟ್ರೆ ಅಲ್ಲೇ ಕಪ್ಪಾಗತ್ತೆ. ಪಕ್ಕದ್ದೆಲ್ಲ ಕಾಣತ್ತೆ, ನೋಡ್ತಿರೋದು ಕಾಣಲ್ಲ. ಡಾಕ್ಟ್ರು ಇನ್ನು ಸರಿ ಹೋಗಲ್ಲ ಅಂದ್ರು. ನೀನು ಬುಕ್ ಬಂತು ಅಂತ ಕುಣೀತಾ ಬಂದಿದ್ದೆ. ಆವತ್ತು ಹೆಂಗೆ ಹೇಳ್ಲಿ? ಮಗ ಸೊಸೆಗೂ, ನಿಂಗೆ ಹೇಳ್ಬೇಡಿ ಅಂದಿದ್ದೆ."

ಅವಳ ಬೆನ್ನಿಗೆ ಹಣೆಯಿಟ್ಟು ಅತ್ತೆ. "ಕಾಫಿ ಚೆಲ್ಲತ್ತೆ, ಬಿಡೆ" ಎಂದಳು. ಅವಳೂ ಅಳುತ್ತಿದ್ದಳು.

ಕಾಫಿ ಕುಡಿದ ಮೇಲೆ, "ನಾನು ಓದಿ ಹೇಳ್ತೀನಿ" ಎಂದೆ. ಜಗಲಿಯಲ್ಲಿ ಕುಳಿತೆವು. ಅವಳ ಅಭ್ಯಾಸ ನನಗೆ ಗೊತ್ತಿದ್ದದ್ದೇ. ಮೊಮ್ಮಗಳ ಸ್ಕೇಲು ಹುಡುಕಿ ತಂದು ಕೊನೆಯ ಹಾಳೆಗೆ ತೂರಿಸಲು ಹೋದೆ. ಅಕ್ಕ ಸದ್ದಿನ ಕಡೆಗೆ ಕೈಚಾಚಿ, ಹಿಂದಿನ ರಟ್ಟಿನ ಮೇಲೆ ಅಂಗೈ ಊರಿದಳು.

"ಏನು ಮಾಡ್ತಿದೀಯ?"

"ಕೊನೇ ಪುಟ ಅಂಟ್ಕೊಂಡಿದೆ, ಬಿಡಿಸ್ತಿದೀನಿ. ಮೊದ್ಲು ಅದೇ ಅಲ್ವಾ ನಿಂಗೆ?"

"ಬೇಡ. ಅದು ಹಾಗೇ ಇರ್ಲಿ. ಮೊದಲ್ನೇ ಪುಟದಿಂದ ಓದು. ದಿನಕ್ಕೆ ಒಂದೇ ಅಧ್ಯಾಯ."

ಹಾಗೇ ನಡೆದಿದೆ. ಚಾಮರಾಜಪೇಟೆಯಿಂದ ಬೆಳಗಿನ ಬಸ್ಸಿಗೆ ಬರುತ್ತೇನೆ, ಒಂದು ಅಧ್ಯಾಯ ಓದುತ್ತೇನೆ. ಅಕ್ಕ ನನ್ನ ಪುಸ್ತಕಕ್ಕೆ ಸಿಕ್ಕಿದ ಅತ್ಯಂತ ಕೆಟ್ಟ ಓದುಗಾರ್ತಿ. "ಈ ಸೊಸೆ ಯಾಕಿಷ್ಟು ಅಳ್ತಾಳೆ? ಎರಡು ಬಿಡು ಅವಳಿಗೆ" ಎಂದು ತಡೆಯುತ್ತಾಳೆ. ನನ್ನ ವಕೀಲೆಯ ಇಂಗ್ಲಿಷ್ ಅವಳಿಗೆ ಸೇರುವುದಿಲ್ಲ. ಕೊಲೆ ಮಾಡಿದವರು ಇಂಥವರೇ ಎಂದು ದಿನಕ್ಕೊಬ್ಬರ ಮೇಲೆ ಅನುಮಾನ ಪಡುತ್ತಾಳೆ. ನಿನ್ನೆ ಜಡ್ಜಿನ ಮೇಲೆಯೇ ಬಂದಿತ್ತು. ಇಷ್ಟು ಮಾತಿಗೆ ನಾನು ಎಷ್ಟು ಹಸಿದಿದ್ದೆ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ.

ಅಧ್ಯಾಯ ಮುಗಿದು ಪುಸ್ತಕ ಮುಚ್ಚಿದ ಕೂಡಲೇ ಅವಳು ಕೈಚಾಚುತ್ತಾಳೆ. ನಾನು ಕೊಡುತ್ತೇನೆ. ಹಿಂದಿನ ರಟ್ಟು ಎತ್ತಿ, ಹೆಬ್ಬೆರಳಿನಿಂದ ಕೊನೆಯ ಹಾಳೆಯ ಮೂಲೆಗಳನ್ನು ಒಂದೊಂದಾಗಿ ತಡವಿ ನೋಡುತ್ತಾಳೆ.

"ಅಂಟ್ಕೊಂಡಿದೆ ತಾನೆ?"

"ಅಂಟ್ಕೊಂಡಿದೆ ಅಕ್ಕ."

"ಹಾಗಾದ್ರೆ ನಾಳೆ ಬಾ."