ಆರುವವರೆಗೂ ಕಾಯಬೇಕು ಎಂದವರು

ಚಳ್ಳಕೆರೆಯ ಉರಿಬಿಸಿಲಲ್ಲೂ ನಮ್ಮ ಗೈಡ್ ಸರ್ ಕುತ್ತಿಗೆಗೆ ಬೂದು ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದರು. ಸೂಕ್ಷ್ಮದರ್ಶಕದ ಕೋಣೆಯ ಏಸಿ ಅವರಿಗೆ ಆಗುತ್ತಿರಲಿಲ್ಲ. ಮೊಳಕಾಲ್ಮೂರಿನವರು, ಖುಷಿಯಾದರೆ ಮಾತು ತೆಲುಗಿಗೆ ಜಾರುತ್ತಿತ್ತು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಮೇಯಿಸುವವರ ಮಗಳಾದ ನನ್ನನ್ನು ಆ ಕಾವಲಿನ ಪಕ್ಕದಲ್ಲೇ ಇದ್ದ ತಮ್ಮ ಲ್ಯಾಬಿಗೆ ಕರೆದು ಪಿಎಚ್.ಡಿ.ಗೆ ಕೂರಿಸಿದವರು ಅವರೇ.

ಗಾಜಿನ ಮೇಲೆ ಜೀವಕೋಶದ ಪೊರೆಯಂಥದ್ದೇ ತೆಳು ಕೊಬ್ಬಿನ ಪೊರೆ ಕಟ್ಟುವುದು, ಅದಕ್ಕೆ ಸೆರಮೈಡ್ ಎಂಬ ಇನ್ನೊಂದು ಕೊಬ್ಬು ಬೆರೆಸಿದರೆ ಎಷ್ಟು ದೊಡ್ಡ ಗಟ್ಟಿ ತೇಪೆಗಳು ಏಳುತ್ತವೆ ಎಂದು ನೋಡುವುದು ನಮ್ಮ ಕೆಲಸ. ಬಿಸಿನೀರಿನಲ್ಲಿ ಕಾಸಿದ ಪೊರೆಯನ್ನು ಅದೇ ನೀರಿನಲ್ಲಿ ಆರಲು ಬಿಡಬೇಕು. ಅವರೇ ಹೇಳಿಕೊಟ್ಟದ್ದು: “ತುಪ್ಪ ಇದ್ದಂಗೆ ಕಣಮ್ಮ. ತಾನಾಗಿ ಆರಿದ್ರೆ ದಪ್ಪ ಹರಳು ಕಟ್ತೈತೆ, ತಣ್ಣೀರಿಗಿಟ್ರೆ ಬರೀ ನುಚ್ಚು. ನಿದಾನ ತಲ್ಲೀ, ನಿದಾನ.” ಕೇಳಿ ಕೇಳಿ ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಒಂದು ದಿನ ಹೊರಗಿನಿಂದ ದೊಡ್ಡವರು ಬಂದರು. ಪೊರೆ ಇನ್ನೂ ಬಿಸಿನೀರಲ್ಲೇ ಇತ್ತು. ಸರ್ ಅದನ್ನೆತ್ತಿ ತಣ್ಣೀರಿಗಿಟ್ಟರು.

“ಸರ್, ಇನ್ನೂ ಆರಿಲ್ರೀ” ಎಂದೆ.

“ಬಂದೋರು ಕಾಯ್ತಾರೇನಮ್ಮ? ಸುಮ್ನಿರು.”

ಪರದೆಯ ಮೇಲೆ ಮೂಡಿದ ಸಣ್ಣ ಸಣ್ಣ ಚುಕ್ಕಿಗಳನ್ನು ಬಂದವರೆಲ್ಲ ಹೊಗಳಿದರು. ಹೊಗಳಿಕೆ ಸರ್ ತಲೆಗೇರಿತು. ನಾನು ಬೇಡವೆಂದರೂ ಅದೇ ಚಿತ್ರಗಳನ್ನು, ತಾನಾಗಿ ಆರಿದ ಪೊರೆಯದ್ದೆಂದು ಬರೆದು, ಪ್ರಬಂಧದಲ್ಲಿ ಹಾಕಿ ಪ್ರಕಟಿಸಿದರು.

ಬೇರೆ ಊರಿನ ಲ್ಯಾಬಿನವರು ಅದೇ ಪ್ರಯೋಗ ಮಾಡಿದಾಗ ಅವರಿಗೆ ದೊಡ್ಡ ತೇಪೆಗಳು ಸಿಕ್ಕವು. ವಿಚಾರಣೆಗೆ ಸಭೆ ಕರೆದರು. ಸರ್ ನನ್ನ ಕಡೆ ನೋಡಲೇ ಇಲ್ಲ. “ಹುಡುಗಿ ಆರೋಗಂಟ ಕಾದಿಲ್ರೀ, ನನಗೂ ಹೇಳ್ಲಿಲ್ಲ” ಎಂದುಬಿಟ್ಟರು.

“ಬಿಸಿನೀರಿಂದ ತೆಗೆದೋರು ನೀವೇ ಅಲ್ವಾ ಸರ್?” ಎಂದೆ. ಯಾರೂ ನಂಬಲಿಲ್ಲ. ನನ್ನ ಪಿಎಚ್.ಡಿ. ಅಲ್ಲಿಗೇ ನಿಂತಿತು. ಈಗ ಬಿ.ಜಿ. ಕೆರೆಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹೇಳಿಕೊಡುವುದರಲ್ಲಿ ಅರ್ಧ ಆ ಮನುಷ್ಯನಿಂದಲೇ ಕಲಿತದ್ದು ಎಂಬುದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಹೋಗಬಾರದು ಎಂದುಕೊಂಡೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು.

“ನಿನ್ನ ನೆನೆಸ್ಕಳ್ದೆ ಇರೋ ದಿನ ಇರ್ಲಿಲ್ಲ ಕಣವ್ವ. ಎಲ್ಲರ ಮುಂದೆ ತನ್ನ ತಪ್ಪು ಒಪ್ಕಂಡ್ಲು, ಅಂಥ ಹುಡುಗೀನ ನಾನು ನೋಡಿಲ್ಲ ಅಂತಿದ್ರು.”

ನಾನು ಎಲ್ಲೂ ಒಪ್ಪಿಕೊಂಡಿರಲಿಲ್ಲ. ಮನೆಯವರ ಮುಂದೆಯೂ ಅದೇ ಸುಳ್ಳು ಹೇಳಿದ್ದರು. ನಿಜ ನಾಲಿಗೆಯ ತುದಿಗೆ ಬಂತು. ಆ ತಾಯಿ ನನ್ನ ಕೈ ಬಿಟ್ಟಿರಲಿಲ್ಲ.

“ಹೌದಮ್ಮ” ಎಂದೆ, “ನಾನೇ ತೆಗೆದಿದ್ದು.”