ಹಲ್ಲು ಕಟ್ಟುವ ವೆಂಕಟಾಚಲಯ್ಯ

ಅರವತ್ತರ ದಶಕದಲ್ಲಿ ಬರೋಡೆಯ ಗೋರ್ವಾದಲ್ಲಿ ಅರ್ಧ ಊರು ಬೊಚ್ಚುಬಾಯಿಯಲ್ಲಿ ಓಡಾಡುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಉಳಿದರ್ಧ ಊರಿಗೆ ಹಲ್ಲಿದ್ದದ್ದು, ಅವರಿನ್ನೂ ವೆಂಕಟಾಚಲಯ್ಯನ ಕೈಗೆ ಸಿಕ್ಕಿರಲಿಲ್ಲವೆಂಬ ಒಂದೇ ಕಾರಣಕ್ಕೆ.

ವೆಂಕಟಾಚಲಯ್ಯ ಮೈಸೂರಿನವನು. ಹಲ್ಲಿನ ಸೆಟ್ಟು ಕಟ್ಟುವ ವಿದ್ಯೆಯನ್ನು ಮಿಲಿಟರಿಯಲ್ಲಿ ಕಲಿತು, ಅಲ್ಲಿಂದ ಬಿಡುಗಡೆಯಾದ ಮೇಲೆ ಬರೋಡೆಯದೇ ಅಲ್ಕಾಪುರಿಯ ಒಬ್ಬ ದಂತವೈದ್ಯರ ಬಳಿ ಕೆಲಸಕ್ಕೆ ನಿಂತಿದ್ದ. ಡಾಕ್ಟರು ಕೀಳುವುದು, ಇವನು ಕಟ್ಟುವುದು. ಕೈಗುಣ ಎಂಥದೆಂದರೆ, ಅವನ ಸೆಟ್ಟು ಹಾಕಿಕೊಂಡ ಮುದುಕರಿಗೆ ಹೆಣ್ಣು ಕೊಡಲು ಜನ ಬರುತ್ತಿದ್ದರು. ಆದರೆ ಡಾಕ್ಟರು ಒಂದು ದಿನ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾರಯ್ಯ ಎಂದುಬಿಟ್ಟರು. ಇವನಿಗೆ ಅವಮಾನವಾಯಿತು.

“ಇದು ಕಲೆ ಸಾರ್. ಗಂಟೆ ಹೊಡೆದಾಗ ಬರೋದಲ್ಲ. ನಾನು ಮನೇಲೇ ಕೂತು ಮಾಡಿ ಕಳಿಸ್ತೀನಿ.”

ಹೀಗೆಂದು ಸಾಮಾನು ಸಮೇತ ಗೋರ್ವಾದ ಬಾಡಿಗೆ ಮನೆಯ ಮುಂದಿನ ಕೋಣೆಗೆ ಬಂದ. ಅಲ್ಲಿಂದಾಚೆಗೆ ಕಲೆ ಗಂಟೆ ಹೊಡೆದಾಗಲೂ ಬರಲಿಲ್ಲ, ಹೊಡೆಯದಾಗಲೂ ಬರಲಿಲ್ಲ.

ತಪ್ಪು ಪೂರ್ತಿ ಅವನದಲ್ಲ. ಗುಜರಾತಿಗಳು ಗೋಡೆಯಿಲ್ಲದೆ ಬೇಕಾದರೆ ಮನೆ ಕಟ್ಟಿಯಾರು, ಉಯ್ಯಾಲೆ ಇಲ್ಲದೆ ಕಟ್ಟುವುದಿಲ್ಲ. ಆ ಮುಂದಿನ ಕೋಣೆಯ ನಟ್ಟನಡುವೆ ಮನೆಯ ಓನರು ಹಿತ್ತಾಳೆ ಸರಪಳಿಯ ಉಯ್ಯಾಲೆ ತೂಗುಹಾಕಿದ್ದರು. ವೆಂಕಟಾಚಲಯ್ಯನ ಮೇಜು ಅದರ ಎದುರಿಗೇ. ಬೆಳಿಗ್ಗೆ ಸ್ನಾನ ಮಾಡಿ ಮೇಜು ಒರೆಸುವನು, ಮೇಣ ಕೊರೆಯುವ ಚಾಕು ಮಸೆಯುವನು. ಮಸೆದ ದಣಿವಿಗೆ ಒಂದಿಷ್ಟು ಉಯ್ಯಾಲೆಯಲ್ಲಿ ಕೂರುವನು. ಅಷ್ಟರಲ್ಲಿ ಚಹಾ. ಆಮೇಲೆ ಗುಜರಾತಿ ಪೇಪರು. ಓದಲು ಬಾರದ್ದರಿಂದ ಅದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವನು ಉಯ್ಯಾಲೆಯಲ್ಲಿ ತೂಗಿಕೊಂಡ ದೂರವನ್ನು ಉದ್ದಕ್ಕೆ ಹಾಸಿದ್ದರೆ ಮೈಸೂರಿಗೆ ಹೋಗಿ, ದಸರಾ ಮುಗಿಸಿ, ವಾಪಸು ಬರಬಹುದಿತ್ತು.

ಗೋಡೆಯ ಹಲಗೆಯ ಮೇಲೆ ಊರಿನವರ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದವು. ಅವುಗಳ ಮಾಲೀಕರು ಬಾಗಿಲಲ್ಲಿ ಕಾಯುತ್ತಿದ್ದರು. ಎಣ್ಣೆ ಅಂಗಡಿಯ ಚಿಮನ್‌ಭಾಯಿಯಂತೂ ತನ್ನ ಹಲ್ಲು ಕೇಳಿಕೊಂಡು ದಿನಾ ಬರುತ್ತಿದ್ದ.

“ಕಾಕಾ, ಮಾರಾ ದಾಂತ್?”

“ಕಾಲೇ ಸೇಠ್, ಕಾಲೇ.”

ಕಾಲೇ ಎಂದರೆ ನಾಳೆ. ಗುಜರಾತಿಯಲ್ಲಿ ವೆಂಕಟಾಚಲಯ್ಯ ಕಲಿತ ಮೊದಲ ಮಾತು ಅದು. ಬೇರೆ ಮಾತು ಕಲಿಯುವ ಅಗತ್ಯ ಬೀಳಲಿಲ್ಲ. ಒಬ್ಬ ಹಿರಿಯರ ಸೆಟ್ಟು ಅವರ ತಿಥಿಯ ಊಟದ ಹೊತ್ತಿಗೆ ತಲುಪಿತು. ಹಲ್ಲಿನ ಯಜಮಾನರು ಅಷ್ಟರಲ್ಲಿ ಹೂವಿನ ಹಾರ ಹಾಕಿಸಿಕೊಂಡು ಗೋಡೆ ಸೇರಿದ್ದರು.

ಇದೆಲ್ಲ ನಗುವ ಮಾತು. ಆ ಹಲಗೆಯ ಮೇಲಿದ್ದ ಒಂದು ಅಚ್ಚು ಮಾತ್ರ ನಗುವಂಥದಲ್ಲ. ಅದು ಅವನ ಹೆಂಡತಿ ಕಾಮಾಕ್ಷಮ್ಮನದು.

ಕಾಮಾಕ್ಷಮ್ಮನಿಗೆ ನಲವತ್ತು ದಾಟುವಷ್ಟರಲ್ಲಿ ಒಸಡು ಕೆಟ್ಟು ಕೀವು ತುಂಬಿತ್ತು. ಎಲ್ಲ ಹಲ್ಲನ್ನೂ ತೆಗೆಯಬೇಕು ಎಂದರು ಡಾಕ್ಟರು. ಆಕೆ ಹೆದರಿದರು. ಆಗ ಧೈರ್ಯ ಹೇಳಿದವನು ಇವನೇ.

“ಕೀಳಿಸ್ಕೊಳ್ಳೇ ಕಾಮೂ. ಗಂಡ ಹಲ್ಲು ಕಟ್ಟೋನು, ನಿಂಗ್ಯಾಕೆ ಭಯ? ಒಸಡು ಮಾಗಲಿ, ನಿನ್ನ ಸ್ವಂತ ಹಲ್ಲು ನಾಚ್ಕೋಬೇಕು, ಅಂಥ ಸೆಟ್ಟು ಕಟ್ಟಿಕೊಡ್ತೀನಿ.”

ಕೀಳಿಸಿಕೊಂಡರು. ಒಸಡು ಮಾಗಿತು. ಅವನೇ ಅಚ್ಚು ತೆಗೆದು ಹಲಗೆಯ ಮೇಲೆ ಎಲ್ಲಕ್ಕಿಂತ ಮುಂದೆ ಇಟ್ಟ. ಆಮೇಲೆ ಹೊರಗಿನವರ ಅಚ್ಚುಗಳು ಬಂದ ಹಾಗೆಲ್ಲ, ಮನೆಯವಳದು ತಾನೆ ಎಂದು ಅದನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ. ಎರಡು ವರ್ಷ ಸರಿಸಿದ. ಕಾಮಾಕ್ಷಮ್ಮ ಅನ್ನವನ್ನು ಕಿವುಚಿ ನುಂಗುವುದು ಕಲಿತರು. ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುವುದು ಕಲಿತರು. ಬರೋಡೆಯ ಕನ್ನಡದವರ ಮನೆಗಳಲ್ಲಿ ಆರತಿಗೂ ಹಸೆಗೂ ಆಕೆಯದೇ ಹಾಡು ಆಗಬೇಕಿತ್ತು. ಈಗ ಕರೆಯಲು ಬಂದವರಿಗೆ ಗಂಟಲು ನೋವು ಎನ್ನುತ್ತಿದ್ದರು. ಎರಡು ವರ್ಷದ ಗಂಟಲು ನೋವು.

ಒಬ್ಬಳೇ ಮಗಳು ಜಯಾ ಮದುವೆಗೆ ಬೆಳೆದು ನಿಂತಿದ್ದಳು. ಗಂಡನನ್ನು ಕಾಮಾಕ್ಷಮ್ಮ ಕೇಳಿಕೊಂಡದ್ದು ಒಂದೇ.

“ರೀ, ಜಯಾ ಮದುವೆ ಹೊತ್ತಿಗಾದ್ರೂ ಕಟ್ಟಿಕೊಡಿ. ಹಸೆಗೆ ಕರೆಯೋ ಹಾಡು ನಾನೇ ಹೇಳ್ಬೇಕು. ಈ ಊರಲ್ಲಿ ಅವಳಿಗೆ ಇನ್ಯಾರಿದಾರೆ ಹೇಳೋಕೆ?”

“ಇನ್ನೂ ಹುಡುಗನೇ ಸಿಕ್ಕಿಲ್ಲ, ಆಗ್ಲೇ ಹಸೆ ಅಂತೀಯಲ್ಲೇ!” ಎಂದು ಇವನು ಉಯ್ಯಾಲೆಗೆ ಕಾಲು ಕೊಟ್ಟ.

ಹುಡುಗ ಸಿಕ್ಕಿದ. ಸೂರತ್ತಿನಲ್ಲಿ ಇನ್ಶೂರೆನ್ಸ್ ಕೆಲಸದಲ್ಲಿದ್ದ ತುಮಕೂರಿನವರ ಮಗ. ಮನೆ ಅಲ್ಲೇ ಕತಾರ್‌ಗಾಮ್ ಕಡೆ. ಮಾತುಕತೆಗೆಂದು ಹುಡುಗನ ತಾಯಿ ಸುಶೀಲಮ್ಮ ಗೋರ್ವಾಕ್ಕೆ ಬಂದರು. ಆಕೆಯೇ ಉಯ್ಯಾಲೆಯಲ್ಲಿ ಕೂತಿದ್ದರಿಂದ ವೆಂಕಟಾಚಲಯ್ಯ ವಿಧಿಯಿಲ್ಲದೆ ತನ್ನ ಕೆಲಸದ ಕುರ್ಚಿಯಲ್ಲಿ ಕೂರಬೇಕಾಯಿತು. ಕಾಮಾಕ್ಷಮ್ಮ ಚಹಾದ ತಟ್ಟೆ ಹಿಡಿದು ಬಂದರು. ಕೈ ಎರಡೂ ತಟ್ಟೆಗೆ ಹೋಗಿದ್ದರಿಂದ ಸೆರಗು ಹಿಡಿಯಲು ಕೈ ಉಳಿದಿರಲಿಲ್ಲ. ಸುಶೀಲಮ್ಮ ಆ ಗುಳಿಬಿದ್ದ ಕೆನ್ನೆಯನ್ನು ಪ್ರೀತಿಯಿಂದಲೇ ನೋಡಿ ಜಯಾಳನ್ನು ಕೇಳಿದರು:

“ಇವರು ನಿಮ್ಮಜ್ಜಿಯೇನಮ್ಮ? ಈ ವಯಸ್ಸಲ್ಲೂ ಎಷ್ಟು ಚುರುಕು!”

ಜಯಾ ಬರೋಡೆಯಲ್ಲೇ ಬೆಳೆದವಳು. ಅವಳ ಕನ್ನಡಕ್ಕೂ ಹಲ್ಲಿರಲಿಲ್ಲ. “ನಾ, ಅಲ್ಲ ಆಂಟಿ, ಇದು ನನ್ನ ಅಮ್ಮ ಇದೆ,” ಎಂದಳು.

ಕಾಮಾಕ್ಷಮ್ಮ ಎಲ್ಲರಿಗೂ ಚಹಾ ಕೊಟ್ಟು, ಒಂದು ಹನಿಯೂ ಚೆಲ್ಲದೆ ಒಳಗೆ ಹೋದರು.

ಬೀಗರು ಬಸ್ಸು ಹತ್ತಿದ ಮೇಲೆ ವೆಂಕಟಾಚಲಯ್ಯ ಸ್ಪಾನರ್ ಹಿಡಿದು ಸ್ಟೂಲು ಹತ್ತಿದ. ಉಯ್ಯಾಲೆ ಬಿಚ್ಚಿ, ಸರಪಳಿ ಸುತ್ತಿ, ಮಂಚದಡಿಗೆ ತಳ್ಳಿದ. ಪಂಚೆಯ ತುದಿಯನ್ನು ಕುರ್ಚಿಯ ಕಾಲಿಗೆ ಗಂಟು ಹಾಕಿಕೊಂಡು ಕೂತ. ಎದ್ದರೆ ಮಾನ ಹೋಗಬೇಕು, ಕೂತರೆ ಕೆಲಸ ಆಗಬೇಕು. ಮೇಣ ಕರಗಿತು, ಅಚ್ಚು ಬೆಂದಿತು. ಹಲಗೆಯ ದವಡೆಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿದವು. ಚಿಮನ್‌ಭಾಯಿ ತನ್ನ ಸೆಟ್ಟು ಹಾಕಿಕೊಂಡು ಅಂಗಡಿಯ ಮುಂದೆಯೇ ಕಡಲೆಹಿಟ್ಟಿನ ಗರಿಗರಿ ಫಾಫಡಾ ಕಡಿದ ಸದ್ದಿಗೆ ಗೋರ್ವಾದ ಕಾರ್ಖಾನೆಗಳು ಊಟದ ವೇಳೆಯೆಂದು ಕೆಲಸ ನಿಲ್ಲಿಸಿದವಂತೆ.

ಎಲ್ಲಕ್ಕೂ ಮೊದಲು ಕೈಗೆತ್ತಿಕೊಂಡದ್ದು ಮಾತ್ರ ಹೆಂಡತಿಯದನ್ನೇ. ಹಲಗೆಯ ಹಿಂಬದಿಯಿಂದ ಆ ಅಚ್ಚನ್ನು ತೆಗೆದು ಧೂಳು ಊದುತ್ತಿದ್ದಾಗ ಕಾಮಾಕ್ಷಮ್ಮ ಬಾಗಿಲಲ್ಲಿ ನಿಂತು ಹೇಳಿದರು:

“ಅಚ್ಚು ಹಳೇದಾಯ್ತಲ್ಲ ರೀ. ಹಲ್ಲು ಹೋದ್ಮೇಲೆ ಒಸಡು ಕರಗ್ತಾ ಹೋಗುತ್ತೆ ಅಂತ ಬಂದೋರಿಗೆಲ್ಲ ನೀವೇ ಹೇಳ್ತೀರಿ. ಹೊಸದು ತೆಗೀಬೇಡ್ವೆ?”

“ಮತ್ತೆ ಅಚ್ಚು, ಮತ್ತೆ ಪ್ಲಾಸ್ಟರು, ಅದು ಒಣಗೋವರೆಗೂ ಕಾಯೋದು... ತಡ ಆಗೋಗುತ್ತೆ ಕಣೇ. ಇನ್ಮೇಲೆ ನನ್ನ ಕೈಯಲ್ಲಿ ಒಂದು ದಿನಾನೂ ತಡ ಆಗಕೂಡ್ದು!”

ಎರಡು ವರ್ಷ ಕಾಯಿಸಿದವನಿಗೆ ಎರಡು ದಿನ ಕಾಯಲು ಪುರಸತ್ತಿರಲಿಲ್ಲ. ಕಾಮಾಕ್ಷಮ್ಮ ಅವನನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು.

ಸೆಟ್ಟು ಮಾತ್ರ ಅದ್ಭುತ. ಮದುವಣಗಿತ್ತಿಯಾಗಿ ಬಂದಾಗ ಆಕೆಯ ಮೇಲಿನ ಎದುರು ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಚೂರು ಹತ್ತಿತ್ತು. ಅದನ್ನೂ ನೆನಪಿಟ್ಟು ಹಾಗೇ ಕೂರಿಸಿದ್ದ. ಅವನ ಜೀವಮಾನದಲ್ಲಿ ಅಂಥದೊಂದು ಕೆಲಸ ಆಗಿರಲಿಲ್ಲ. ಕಾಮಾಕ್ಷಮ್ಮ ಬಾಯಿಗೆ ಹಾಕಿಕೊಂಡರು. ಮೇಲಿನದು ಅಲ್ಲಾಡಿತು. ನಾಲಿಗೆಯಿಂದ ಒತ್ತಿ ಹಿಡಿದು ನಿಂತರು.

“ಹೆಂಗಿದೆ?” ಎಂದ. ಮುಖ ಪರೀಕ್ಷೆ ಪಾಸಾದ ಹುಡುಗನ ಹಾಗಿತ್ತು.

“ಚೆನ್ನಾಗಿದೆ,” ಎಂದರು ಆಕೆ, ತುಟಿ ಹೆಚ್ಚು ಬಿಡಿಸದೆ.

ಅದು ಅಲ್ಲಾಡಿದ್ದು ಅವನಿಗೆ ಕಾಣಲಿಲ್ಲವೆ? ಮೈಲಿ ದೂರದಿಂದ ಮುದುಕರ ನಡಿಗೆ ನೋಡಿಯೇ ಸೆಟ್ಟು ಸಡಿಲವಾಗಿದೆ ಎನ್ನುತ್ತಿದ್ದ ಮನುಷ್ಯ ಅವನು. ಕಂಡಿತು. ಹೆಂಡತಿ ಚೆನ್ನಾಗಿದೆ ಎಂದಳಲ್ಲ ಎಂದುಕೊಂಡ, ಅಷ್ಟೆ.

ಮದುವೆ ಬರೋಡೆಯ ಒಂದು ಛತ್ರದಲ್ಲಿ. ಹಸೆ ಬರೆದಾಯಿತು, ಮಣೆ ಹಾಕಿದ್ದಾಯಿತು. ಕಾಮಾಕ್ಷಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ವರ್ಷದ ಮೇಲೆ ಎಲ್ಲರೆದುರು ಮುಖ ಎತ್ತಿ ನಿಂತರು. ಕನ್ನಡದ ಹೆಂಗಸರೆಲ್ಲ ಹತ್ತಿರ ಸರಿದರು. ಮೊದಲ ಸಾಲು ಬಂತು. ದನಿ ಹಾಗೇ ಇತ್ತು. ಜಯಾ ತಲೆಯೆತ್ತಿ ನೋಡಿದಳು. ಎರಡನೇ ಸಾಲಿಗೆ ದನಿ ಮೇಲಕ್ಕೇರಬೇಕು, ಬಾಯಿ ಅಗಲ ತೆರೆಯಬೇಕು. ತೆರೆದರು. ಮೇಲಿನ ಸೆಟ್ಟು ಕಳಚಿ ಆರತಿ ತಟ್ಟೆಗೆ ಬಿತ್ತು.

ಆ ಸದ್ದು ಸೂರತ್ತಿಗೆ ಕೇಳಿಸಿರಬೇಕು. ಸೂರತ್ತಿನವರ ಕಡೆಯಿಂದ ಒಂದು ನಗೆ ಎದ್ದು, ಯಾರೋ ಗದರಿದ್ದರಿಂದ ಅಡಗಿತು. ಕಾಮಾಕ್ಷಮ್ಮ ಕುಂಕುಮ ಮೆತ್ತಿದ ಹಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬದ ಹಿಂದೆ ಸರಿದರು. ಹಾಡು ಅರ್ಧಕ್ಕೆ ನಿಲ್ಲಬಾರದಲ್ಲ. ಸುಶೀಲಮ್ಮ ಎತ್ತಿಕೊಂಡು ಮುಗಿಸಿದರು. ಚೆನ್ನಾಗಿಯೇ ಹಾಡಿದರು. ಜಯಾ ಹಸೆಗೆ ಬಂದದ್ದು ಅತ್ತೆಯ ದನಿಗೆ.

ಮಗಳನ್ನು ಸೂರತ್ತಿಗೆ ಕಳಿಸಿ ಮನೆಗೆ ಬಂದ ಮೇಲೆ ವೆಂಕಟಾಚಲಯ್ಯ, “ನಾಳೇನೇ ಹೊಸ ಅಚ್ಚು ತೆಗೀತೀನಿ ಕಾಮೂ. ಆಣೆ ಮಾಡ್ತೀನಿ,” ಎಂದ.

“ಯಾಕೆ? ನಮಗೆ ಇನ್ನೊಬ್ಬಳು ಮಗಳಿದಾಳಾ?”

ಮಾರನೇ ದಿನ ಓನರ ಕಡೆಯವರನ್ನು ಕರೆದು ಉಯ್ಯಾಲೆಯನ್ನು ಮತ್ತೆ ಕಟ್ಟಿಸಿದವರು ಕಾಮಾಕ್ಷಮ್ಮ.

ಅಲ್ಲಿಂದಾಚೆ ವೆಂಕಟಾಚಲಯ್ಯ ಒಂದು ದಿನವೂ ತಡ ಮಾಡಲಿಲ್ಲ. ಅಹಮದಾಬಾದಿನ ಡಾಕ್ಟರುಗಳೂ ಅವನಿಗೆ ಅಚ್ಚು ಕಳಿಸತೊಡಗಿದರು. ಹೇಳಿದ ದಿನ, ಹೇಳಿದ ಹೊತ್ತಿಗೆ ಸೆಟ್ಟು ಸಿದ್ಧ. ಕೆಲವರದಂತೂ ಅವರು ಕೀಳಿಸಿಕೊಳ್ಳುವ ಮೊದಲೇ ಸಿದ್ಧ ಎಂದು ಅಲ್ಕಾಪುರಿಯಲ್ಲಿ ಹೇಳಿಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಅವನು ಮೇಣ ಬೆಚ್ಚಗೆ ಮಾಡಿ, ಅಚ್ಚಿನ ತಟ್ಟೆಗೆ ತುಂಬಿ, ಉಯ್ಯಾಲೆಯ ಮುಂದೆ ಹೋಗಿ ನಿಲ್ಲುತ್ತಿದ್ದ.

“ಬಾಯಿ ತೆಗಿಯೇ, ಕಾಮೂ. ಒಂದೇ ನಿಮಿಷ.”

ಕಾಮಾಕ್ಷಮ್ಮ ಕಾಲ್ಬೆರಳಿನಿಂದ ನೆಲ ಒತ್ತಿ ತೂಗಿಕೊಳ್ಳುತ್ತಿದ್ದರು. ಬಾಯಿಗೆ ಸೆರಗು ಅಡ್ಡ.

“ಕಾಲೇ,” ಎನ್ನುತ್ತಿದ್ದರು.

ಮೇಣ ಆರಿ ಗಟ್ಟಿಯಾಗುವವರೆಗೆ ನಿಂತಿದ್ದು, ಅವನು ಮೇಜಿಗೆ ವಾಪಸು ಹೋಗುತ್ತಿದ್ದ. ಅಲ್ಲಿ ಬೇರೆಯವರ ಹಲ್ಲು ಕಾದಿರುತ್ತಿತ್ತು.